ಯೀಸ್ಟ್ ಮೊದಲು, ಹಾಪ್ಸ್ ಆಮೇಲೆ: ಪೇಲ್ ಏಲ್ ಮಾಡಿದ ನನ್ನ ಅನುಭವ

ಮನೆಯಲ್ಲಿ ಪೇಲ್ ಏಲ್ ಅನ್ನುವ ಬಿಯರ್ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಹಾಪ್ಸ್ ಪಟ್ಟಿಯನ್ನು, ಅಂದರೆ ಬಿಯರ್‌ಗೆ ಕಹಿ ಮತ್ತು ಘಮ ಕೊಡುವ ಹೂಗಳ ಪಟ್ಟಿಯನ್ನು. ಸಿಟ್ರಾ ಹಾಕೋಣವಾ, ಮೊಸಾಯಿಕ್ ಹಾಕೋಣವಾ, ಎರಡನ್ನೂ ಸೇರಿಸೋಣವಾ ಅಂತ ಯೋಚನೆ ಶುರುವಾಗುತ್ತದೆ. ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಯೀಸ್ಟ್‌ನ ವಿಷಯ ಬರುವುದು ಕೊನೆಗೆ. ನಾನು ಇದನ್ನು ಉಲ್ಟಾ ಮಾಡುತ್ತೇನೆ. ಮೊದಲು ಯಾವ ಯೀಸ್ಟ್ ಅಂತ ಗಟ್ಟಿ ಮಾಡಿಕೊಳ್ಳುತ್ತೇನೆ. ಹಾಪ್ಸ್‌ನ ಜಾತಿ, ತೂಕ, ಹಾಕುವ ಹೊತ್ತು ಎಲ್ಲ ಆಮೇಲೆ.

ಯಾಕೆಂದರೆ ವರ್ಟ್‌ನಲ್ಲಿ, ಅಂದರೆ ಮಾಲ್ಟ್‌ನಿಂದ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ತೆಗೆದ ಸಿಹಿ ನೀರಿನಲ್ಲಿ, ಇರುವ ಸಕ್ಕರೆಯಲ್ಲಿ ಎಷ್ಟು ಮುಗಿಯುತ್ತದೆ, ಎಷ್ಟು ಉಳಿಯುತ್ತದೆ ಅನ್ನುವುದರಲ್ಲಿ ಯೀಸ್ಟ್‌ನ ಪಾಲು ದೊಡ್ಡದು. ಗ್ರಾವಿಟಿ ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಮುಗಿದಷ್ಟೂ ಅದು ಇಳಿಯುತ್ತದೆ. 1.050 ಗ್ರಾವಿಟಿಯಿಂದ ಶುರುವಾದ ಬಿಯರ್ ಒಂದು ಯೀಸ್ಟ್‌ನಲ್ಲಿ 1.010ಕ್ಕೆ ಇಳಿಯಬಹುದು, ಇನ್ನೊಂದರಲ್ಲಿ 1.013ಕ್ಕೇ ನಿಲ್ಲಬಹುದು. ನೋಡಲು ಸಣ್ಣ ವ್ಯತ್ಯಾಸ. ಆದರೆ ಬಾಯಲ್ಲಿ ಅದು ಸಣ್ಣದಲ್ಲ. ಅದೇ 35 ಐಬಿಯು (ಕಹಿಯ ಅಳತೆ) ಕಹಿ ಮೊದಲನೆಯದರಲ್ಲಿ ಚುರುಕಾಗಿ ನಾಲಿಗೆಗೆ ತಾಗುತ್ತದೆ, ಎರಡನೆಯದರಲ್ಲಿ ಮಾಲ್ಟ್‌ನ ಸಿಹಿಯೊಳಗೆ ಮೆತ್ತಗಾಗುತ್ತದೆ. ಯೀಸ್ಟ್ ಗೊತ್ತಿಲ್ಲದೆ ಕಹಿಯ ಲೆಕ್ಕ ಹಾಕಿದರೆ ಅದು ಅರ್ಧ ಲೆಕ್ಕ ಅಷ್ಟೇ.

ಇದನ್ನು ಓದಿ ನಂಬುವುದಕ್ಕಿಂತ ಕುಡಿದು ನೋಡುವುದು ಒಳ್ಳೆಯದು. ನಾನು ಮಾಡಿದ್ದು ಹೀಗೆ. 20 ಲೀಟರ್ ವರ್ಟ್ ಒಂದೇ ಪಾತ್ರೆಯಲ್ಲಿ ಕುದಿಸಿದೆ. ಬಹುಪಾಲು ಪೇಲ್ ಮಾಲ್ಟ್, ಜೊತೆಗೆ ಸ್ವಲ್ಪ ಕ್ರಿಸ್ಟಲ್ ಮಾಲ್ಟ್. ಹಾಪ್ಸ್ ಕ್ಯಾಸ್ಕೇಡ್ ಒಂದೇ. ತಣಿದ ಮೇಲೆ ಎರಡು ಫರ್ಮೆಂಟರ್‌ಗೆ (ಹುದುಗಿಸುವ ಪಾತ್ರೆ) ಸಮನಾಗಿ ಹಂಚಿದೆ. ಒಂದಕ್ಕೆ ಸಾಫ್‌ಏಲ್ ಯುಎಸ್-05 ಅನ್ನುವ ಒಣ ಯೀಸ್ಟ್, ಇನ್ನೊಂದಕ್ಕೆ ಸಾಫ್‌ಏಲ್ ಎಸ್-04. ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ತಾಪದಲ್ಲಿ ಇಟ್ಟೆ. ಡ್ರೈ ಹಾಪ್ (ಕುದಿಸದೆ ಫರ್ಮೆಂಟರ್‌ಗೇ ಹಾಕುವ ಹಾಪ್ಸ್) ಕೂಡ ಎರಡಕ್ಕೂ ಸಮ.

ಎಸ್-04 ಇಂಗ್ಲಿಷ್ ಏಲ್ ಯೀಸ್ಟ್. ಬೇಗ ಶುರುವಾಯಿತು, ಬೇಗ ಮುಗಿಯಿತು. ತಳದಲ್ಲಿ ಗಟ್ಟಿಯಾಗಿ ಕೂತಿತು. ಬಿಯರ್ ತಿಳಿಯಾಗಲು ಹೆಚ್ಚು ಕಾಯಬೇಕಾಗಲಿಲ್ಲ. ಯುಎಸ್-05 ನಿಧಾನಕ್ಕೆ ಎದ್ದಿತು, ಮೇಲೆ ದಪ್ಪ ನೊರೆ ಕಟ್ಟಿತು, ಮುಗಿದ ಮೇಲೂ ಪುಡಿಯ ಹಾಗೆ ತೇಲುತ್ತಾ ಇತ್ತು. ಅದನ್ನು ತಿಳಿಗೊಳಿಸಲು ಒಂದೆರಡು ದಿನ ಫ್ರಿಜ್‌ನ ಚಳಿ ಬೇಕಾಯಿತು.

ರುಚಿಯಲ್ಲಿ ಇವೆರಡೂ ಒಂದೇ ಪಾತ್ರೆಯ ವರ್ಟ್ ಅಂದರೆ ಯಾರೂ ನಂಬುವುದಿಲ್ಲ. ಯುಎಸ್-05 ಹಾಕಿದ್ದರಲ್ಲಿ ಕ್ಯಾಸ್ಕೇಡ್‌ನ ಚಕ್ಕೋತ, ಹೂವಿನ ಘಮ ಎದುರಿಗೇ ನಿಂತಿತ್ತು. ಕೊನೆಯ ಗುಟುಕು ಒಣಗಿದಂತೆ, ಸ್ವಚ್ಛವಾಗಿ ಮುಗಿಯುತ್ತಿತ್ತು. ಎಸ್-04 ಹಾಕಿದ್ದರಲ್ಲಿ ಮೊದಲು ಬ್ರೆಡ್ ಮತ್ತು ಬಿಸ್ಕತ್ತಿನ ರುಚಿ, ಆಮೇಲೆ ಯೀಸ್ಟ್‌ನದೇ ಆದ ಸಣ್ಣ ಹಣ್ಣಿನ ವಾಸನೆ, ಅದರ ಹಿಂದೆ ಕ್ಯಾಸ್ಕೇಡ್. ಎರಡೂ ಒಳ್ಳೆಯ ಬಿಯರ್‌ಗಳೇ. ಆದರೆ ಹಾಪ್ಸ್ ಮುಂದೆ ಬರಬೇಕು ಅನ್ನುವವರಿಗೆ ಒಂದು, ಮಾಲ್ಟ್ ಜೊತೆ ಸಮ ಕೂರಬೇಕು ಅನ್ನುವವರಿಗೆ ಇನ್ನೊಂದು. ಈಗಲೂ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವ ಮೊದಲ ಪ್ರಯೋಗ ಇದೇ. ಇದರಲ್ಲಿ ಕಲಿಯುವಷ್ಟು ಹತ್ತು ರೆಸಿಪಿ ಓದಿದರೂ ಕಲಿಯುವುದಿಲ್ಲ.

ದ್ರವ ಯೀಸ್ಟ್ ಸಿಗುವವರಿಗೆ ವೈಟ್ ಲ್ಯಾಬ್ಸ್‌ನ ಡಬ್ಲ್ಯುಎಲ್‌ಪಿ001, ವೈಈಸ್ಟ್‌ನ 1056 ಇವೆ. ಯುಎಸ್-05 ಥರವೇ ಸ್ವಚ್ಛವಾದ ಅಮೆರಿಕನ್ ಏಲ್ ಯೀಸ್ಟ್‌ಗಳು. ಮಬ್ಬಾದ, ಹಣ್ಣಿನ ರಸದಂಥ ಪೇಲ್ ಏಲ್ ಬೇಕು ಅಂದರೆ ದಾರಿ ಬೇರೆ. ಅಲ್ಲಿ ವೈಈಸ್ಟ್ 1318 ಥರದ ಲಂಡನ್ ಯೀಸ್ಟ್‌ಗಳ ಕಾಲ.

ತಾಪದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಯುಎಸ್-05ಗೆ ತಯಾರಕರು 18ರಿಂದ 26 ಡಿಗ್ರಿ ಅಂತ ಬರೆದಿರುತ್ತಾರೆ. ಪೇಲ್ ಏಲ್‌ಗೆ ನಾನು 18ರಿಂದ 20ರ ಒಳಗೇ ಇಡುತ್ತೇನೆ. ಶುರುವಿನ ದಿನಗಳಲ್ಲಿ ಬಿಸಿ ಜಾಸ್ತಿಯಾದರೆ ಹಣ್ಣಿನ ವಾಸನೆ ಕೊಡುವ ಎಸ್ಟರ್ ಹೆಚ್ಚುತ್ತದೆ, ಗಂಟಲಿಗೆ ಉರಿ ಕೊಡುವ ಫ್ಯೂಸೆಲ್ ಆಲ್ಕೋಹಾಲ್ ಕೂಡ ಹುಟ್ಟುತ್ತದೆ. ಅದು ಬಂದ ಮೇಲೆ ಎಷ್ಟು ಸಿಟ್ರಾ ಸುರಿದರೂ ಮುಚ್ಚಲಾಗುವುದಿಲ್ಲ. ಇನ್ನೊಂದು ಮಾತು: ಕೋಣೆಯ ತಾಪ ಬೇರೆ, ಬಿಯರ್‌ನ ತಾಪ ಬೇರೆ. ಜೋರಾಗಿ ಹುದುಗುವಾಗ ಬಿಯರ್ ಕೋಣೆಗಿಂತ ಕೆಲವು ಡಿಗ್ರಿ ಬಿಸಿ ಇರುತ್ತದೆ. ಅದಕ್ಕೇ ಥರ್ಮಾಮೀಟರ್ ಪಟ್ಟಿಯನ್ನು ಫರ್ಮೆಂಟರ್‌ಗೇ ಅಂಟಿಸಬೇಕು. ಕೊನೆಯ ಹಂತದಲ್ಲಿ ಮಾತ್ರ 21ರವರೆಗೆ ಏರಲು ಬಿಡುತ್ತೇನೆ. ಬೆಣ್ಣೆ ವಾಸನೆ ಕೊಡುವ ಡೈಅಸಿಟೈಲ್ ಅನ್ನು ಯೀಸ್ಟ್ ಆಗ ಬೇಗ ತಿಂದು ಮುಗಿಸುತ್ತದೆ.

ಎಷ್ಟು ಯೀಸ್ಟ್? ಈ ಒಣ ಯೀಸ್ಟ್‌ಗಳ ತಯಾರಕರಾದ ಫರ್ಮೆಂಟಿಸ್ ಹೇಳುವುದು 100 ಲೀಟರ್‌ಗೆ 50ರಿಂದ 80 ಗ್ರಾಂ. ಅಂದರೆ 20 ಲೀಟರ್‌ಗೆ 10ರಿಂದ 16 ಗ್ರಾಂ. 11.5 ಗ್ರಾಂನ ಒಂದು ಪೊಟ್ಟಣ ಈ ಅಳತೆಯೊಳಗೇ ಬರುತ್ತದೆ. ಶುರುವಿನ ಗ್ರಾವಿಟಿ 1.060 ದಾಟಿದರೆ ಅಥವಾ ಪೊಟ್ಟಣದ ದಿನಾಂಕ ಹತ್ತಿರ ಬಂದಿದ್ದರೆ ನಾನು ಎರಡು ಹಾಕುತ್ತೇನೆ.

ಈಗ ಹಾಪ್ಸ್. ನನ್ನ ಲೆಕ್ಕದಲ್ಲಿ ಹಾಪ್ಸ್‌ಗೆ ಎರಡು ಬೇರೆ ಬೇರೆ ಕೆಲಸ. ಒಂದು ಕಹಿ, ಇನ್ನೊಂದು ಘಮ. ಕಹಿ ಬರುವುದು ಆಲ್ಫಾ ಆಸಿಡ್‌ನಿಂದ. ಅದು ಕುದಿಯುತ್ತಾ ರೂಪ ಬದಲಿಸಿದ ಮೇಲೇ ಬಿಯರ್‌ನಲ್ಲಿ ಸರಿಯಾಗಿ ಕರಗುತ್ತದೆ. ಅದಕ್ಕೆ ಹೊತ್ತು ಬೇಕು. ಘಮ ಇರುವುದು ಎಣ್ಣೆಗಳಲ್ಲಿ. ಅವು ಕುದಿಯುವ ಹಬೆಯ ಜೊತೆಗೇ ಹಾರಿಹೋಗುತ್ತವೆ. ಒಂದು ಕೆಲಸಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಟ್ಟದ್ದು. ಹಾಗಾಗಿ ಕಹಿಗೆ ನಾನು ಘಮದ ಹಾಪ್ಸ್ ಖರ್ಚು ಮಾಡುವುದಿಲ್ಲ. ಮ್ಯಾಗ್ನಮ್ ಇಟ್ಟುಕೊಂಡಿದ್ದೇನೆ. ಆಲ್ಫಾ ಜಾಸ್ತಿ, ಕಹಿ ನಯ, ಬೇರೆ ಗುರುತು ಬಿಡುವುದಿಲ್ಲ.

ಲೆಕ್ಕ ಕಷ್ಟವಿಲ್ಲ. ಗ್ರಾಂ ಅನ್ನು ಆಲ್ಫಾ ಭಾಗದಿಂದ (12 ಶೇಕಡಾ ಅಂದರೆ 0.12) ಗುಣಿಸಿ, ಅದನ್ನು ಬಳಕೆಯ ಪ್ರಮಾಣದಿಂದ (ಆಲ್ಫಾದಲ್ಲಿ ಕಹಿಯಾಗಿ ಬಿಯರ್‌ಗೆ ಸೇರುವ ಪಾಲು) ಗುಣಿಸಿ, ಸಾವಿರದಿಂದ ಗುಣಿಸಿ, ಲೀಟರ್‌ನಿಂದ ಭಾಗಿಸಿದರೆ ಐಬಿಯು. ಬಳಕೆಯ ಪ್ರಮಾಣಕ್ಕೆ ನಾನು ಟಿನ್‌ಸೆತ್ ಸೂತ್ರ ಹಿಡಿಯುತ್ತೇನೆ. 1.050 ಗ್ರಾವಿಟಿಯ ವರ್ಟ್‌ನಲ್ಲಿ 60 ನಿಮಿಷ ಕುದಿಸಿದರೆ ಅದು ಸುಮಾರು 23 ಶೇಕಡಾ, 10 ನಿಮಿಷಕ್ಕೆ 8 ಶೇಕಡಾದಷ್ಟು. 12 ಶೇಕಡಾ ಆಲ್ಫಾ ಇರುವ ಮ್ಯಾಗ್ನಮ್ 15 ಗ್ರಾಂ 60 ನಿಮಿಷ ಕುದಿಸಿದರೆ 20 ಲೀಟರ್‌ನಲ್ಲಿ ಹತ್ತಿರ ಹತ್ತಿರ 21 ಐಬಿಯು. ಕೊನೆಯ 10 ನಿಮಿಷಕ್ಕೆ 5.5 ಶೇಕಡಾ ಆಲ್ಫಾದ ಕ್ಯಾಸ್ಕೇಡ್ 30 ಗ್ರಾಂ ಹಾಕಿದರೆ ಇನ್ನೊಂದು 7. ಉರಿ ಆರಿಸಿದ ಮೇಲೆ ಹಾಕುವುದರಿಂದ ಇನ್ನೂ ಒಂದಿಷ್ಟು. ಅಲ್ಲಿಗೆ 30ರ ಆಸುಪಾಸು. ಅಮೆರಿಕನ್ ಪೇಲ್ ಏಲ್‌ಗೆ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ ಹಾಕಿರುವ ಗೆರೆ 30ರಿಂದ 50. ನನಗೆ ಇಷ್ಟವಾಗುವುದು ಅದರ ಕೆಳಗಿನ ಅರ್ಧ. ಎಸ್-04 ಬಳಸುವಾಗ ಮಾತ್ರ ನಾಲ್ಕೈದು ಐಬಿಯು ಏರಿಸುತ್ತೇನೆ. ಉಳಿದ ಸಿಹಿಗೆ ಅದು ಸರಿಹೋಗುತ್ತದೆ. ಪ್ರತಿ ಸಲವೂ ಪೊಟ್ಟಣದ ಮೇಲಿನ ಆಲ್ಫಾ ಅಂಕಿ ನೋಡಿಯೇ ಲೆಕ್ಕ ಹಾಕಿ. ಬೆಳೆಯಿಂದ ಬೆಳೆಗೆ ಅದು ಬದಲಾಗುತ್ತದೆ.

ಘಮಕ್ಕೆ ಯಾವುದು ಅನ್ನುವುದೇ ಎಲ್ಲರಿಗೂ ಖುಷಿಯ ಭಾಗ, ಅಲ್ವಾ? ನನಗೂ ಹೌದು. ನಾನು ಕ್ಯಾಸ್ಕೇಡ್‌ನಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಅಮೆರಿಕದ ಆರೆಗಾನ್‌ನಲ್ಲಿ ಸರ್ಕಾರಿ ತಳಿ ಯೋಜನೆಯಿಂದ ಬಂದು 1972ರಲ್ಲಿ ಬಿಡುಗಡೆಯಾದ ಹಾಪ್ಸ್ ಇದು. 1980ರಲ್ಲಿ ಶುರುವಾದ ಸಿಯೆರಾ ನೆವಾಡ ಪೇಲ್ ಏಲ್‌ನ ಘಮ ಇದರದೇ. ಇವತ್ತು ನಾವು ಅಮೆರಿಕನ್ ಪೇಲ್ ಏಲ್ ಅಂದಾಗ ಮೂಗಿಗೆ ನೆನಪಾಗುವುದು ಹೆಚ್ಚಾಗಿ ಕ್ಯಾಸ್ಕೇಡ್. ಆಲ್ಫಾ ಕಡಿಮೆ ಇರುವುದರಿಂದ ಕೈ ಸ್ವಲ್ಪ ಮುಂದಾದರೂ ಬಿಯರ್ ಕೆಡುವುದಿಲ್ಲ. ಇದೊಂದನ್ನು ಚೆನ್ನಾಗಿ ತಿಳಿದುಕೊಂಡರೆ ಮಿಕ್ಕವನ್ನು ಅಳೆಯಲು ಒಂದು ಅಳತೆಗೋಲು ಸಿಗುತ್ತದೆ. ಸೆಂಟೆನಿಯಲ್ ಅದೇ ದಾರಿಯಲ್ಲಿ ಇನ್ನಷ್ಟು ಗಟ್ಟಿ, ನಿಂಬೆ ಮತ್ತು ಹೂವು. ಸಿಮ್ಕೋ ಅಂದರೆ ಪೈನ್ ಮರದ ಅಂಟಿನ ವಾಸನೆ. ಸಿಟ್ರಾದಲ್ಲಿ ಲೈಮ್, ಮಾವು, ಲಿಚಿ. ಇದು ಪಕ್ಕದವರನ್ನು ಮಾತಾಡಲು ಬಿಡುವುದಿಲ್ಲ. ಹಾಗಾಗಿ ಮೂರರಲ್ಲಿ ಒಂದು ಭಾಗ ಸಿಟ್ರಾ, ಎರಡು ಭಾಗ ಕ್ಯಾಸ್ಕೇಡ್ ನನ್ನ ಅಳತೆ. ಮೊಸಾಯಿಕ್ ಕೆಲವು ಪೊಟ್ಟಣಗಳಲ್ಲಿ ಬೆರಿ ಹಣ್ಣಿನಂತೆ, ಇನ್ನು ಕೆಲವದರಲ್ಲಿ ಈರುಳ್ಳಿಯಂತೆ. ಮೂಸಿ ನೋಡದೆ ಅದನ್ನು ಬಳಸುವುದಿಲ್ಲ.

ಒಂದು ಬಿಯರ್‌ಗೆ ಘಮದ ಹಾಪ್ಸ್ ಎರಡಕ್ಕಿಂತ ಹೆಚ್ಚು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾಲ್ಕೈದು ಸೇರಿಸಿದರೆ ಯಾವುದು ಏನು ಮಾಡಿತು ಅಂತ ಗೊತ್ತೇ ಆಗುವುದಿಲ್ಲ. ಮುಂದಿನ ಸಲ ಏನನ್ನು ಬದಲಿಸಬೇಕು ಅಂತಲೂ ತಿಳಿಯುವುದಿಲ್ಲ.

ಆರಿಸುವಾಗ ಪೆಲೆಟ್ (ಹಾಪ್ಸ್ ಪುಡಿಯನ್ನು ಒತ್ತಿ ಮಾಡಿದ ಗುಳಿಗೆ) ಅನ್ನು ಅಂಗೈಯಲ್ಲಿ ಉಜ್ಜಿ ಮೂಸುವುದು ಸುಲಭದ ದಾರಿ. ಆದರೆ ಅದು ಪೂರ್ತಿ ಸತ್ಯ ಹೇಳುವುದಿಲ್ಲ. ಹಸಿ ಹಾಪ್ಸ್‌ನ ವಾಸನೆ ಬೇರೆ, ಬಿಯರ್‌ನಲ್ಲಿ ಉಳಿಯುವುದು ಬೇರೆ. ನಾನು ನಂಬುವುದು ಇನ್ನೊಂದು ವಿಧಾನವನ್ನು. ಅಂಗಡಿಯ ಸಪ್ಪೆ ಲಾಗರ್ ಬಿಯರ್ ಬಾಟಲಿ ತೆರೆದು ಒಂದೆರಡು ಪೆಲೆಟ್ ಹಾಕಿ, ತಕ್ಷಣ ಹೊಸ ಮುಚ್ಚಳ ಒತ್ತಿ, ಎರಡು ಮೂರು ದಿನ ಫ್ರಿಜ್‌ನಲ್ಲಿ ಇಡುವುದು. ನೊರೆ ಉಕ್ಕುತ್ತದೆ, ಕೈ ಚುರುಕಾಗಿರಬೇಕು. ಒಂದೊಂದು ಬಾಟಲಿಗೆ ಒಂದೊಂದು ಜಾತಿ. ಪಕ್ಕಪಕ್ಕ ಇಟ್ಟು ಕುಡಿದರೆ ಯಾವ ಹಾಪ್ಸ್ ಏನು ಹೇಳುತ್ತದೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಯೀಸ್ಟ್‌ಗೆ ತಕ್ಕ ಹಾಪ್ಸ್ ಅನ್ನುವ ಮಾತಿಗೆ ಇಲ್ಲಿ ಅರ್ಥ ಬರುತ್ತದೆ. ಯುಎಸ್-05 ಜೊತೆ ಕ್ಯಾಸ್ಕೇಡ್, ಸೆಂಟೆನಿಯಲ್, ಸಿಟ್ರಾ. ಎಸ್-04 ಜೊತೆ ನನಗೆ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಬೇಕು. ಜೇನು, ಮಣ್ಣು, ಸಣ್ಣ ಹೂವಿನ ಘಮ, ಆ ಯೀಸ್ಟ್‌ನ ಬ್ರೆಡ್ ರುಚಿಯ ಜೊತೆ ಜಗಳವಾಡದೆ ಕೂರುತ್ತದೆ. ಗೋಲ್ಡಿಂಗ್ಸ್ ಅನ್ನು ಯುಎಸ್-05 ಜೊತೆಗೂ ಹಾಕಿ ನೋಡಿದ್ದೇನೆ. ತಪ್ಪೇನಿಲ್ಲ, ಆದರೆ ತೆಳು ಅನ್ನಿಸಿತು.

ಕೊನೆಯ 10 ನಿಮಿಷದ್ದು ಬಿಟ್ಟರೆ, ಘಮದ ಹಾಪ್ಸ್ ನಾನು ಇನ್ನೂ ಎರಡು ಕಡೆ ಹಾಕುತ್ತೇನೆ. ಉರಿ ಆರಿಸಿ ವರ್ಟ್ 80 ಡಿಗ್ರಿಗೆ ಇಳಿದ ಮೇಲೆ 20 ನಿಮಿಷ. ಆ ತಾಪದಲ್ಲಿ ಕಹಿ ಹೆಚ್ಚು ಏರುವುದಿಲ್ಲ, ಎಣ್ಣೆ ಮಾತ್ರ ಇಳಿಯುತ್ತದೆ. ಎರಡನೆಯದು ಡ್ರೈ ಹಾಪ್, ಲೀಟರ್‌ಗೆ ಸುಮಾರು 3 ಗ್ರಾಂ. ಇದಕ್ಕೆ ನಾನು ಹಿಡಿಯುವ ಹೊತ್ತು ಹುದುಗುವಿಕೆ ಪೂರ್ತಿ ನಿಲ್ಲುವ ಸ್ವಲ್ಪ ಮುಂಚೆ, ಗ್ರಾವಿಟಿ ಇನ್ನು ಮೂರು ನಾಲ್ಕು ಪಾಯಿಂಟ್ (ಒಂದು ಪಾಯಿಂಟ್ ಅಂದರೆ 0.001) ಇಳಿಯಲು ಬಾಕಿ ಇರುವಾಗ. ಮುಚ್ಚಳ ತೆರೆದಾಗ ಒಳನುಗ್ಗುವ ಆಕ್ಸಿಜನ್ ಅನ್ನು ಬದುಕಿರುವ ಯೀಸ್ಟ್ ಬಳಸಿಕೊಂಡುಬಿಡುತ್ತದೆ. ಜೊತೆಗೆ ಹಾಪ್ಸ್ ಎಣ್ಣೆಯಲ್ಲಿರುವ ಜೆರಾನಿಯಾಲ್ ಅನ್ನು ಯೀಸ್ಟ್ ಸಿಟ್ರೊನೆಲೊಲ್ ಆಗಿ ಬದಲಿಸುತ್ತದೆ. ಗುಲಾಬಿಯ ಕಡೆಗಿದ್ದ ಘಮ ನಿಂಬೆಯ ಕಡೆಗೆ ಜರುಗುತ್ತದೆ. ಮೂರು ದಿನ ಸಾಕು. ಜಾಸ್ತಿ ದಿನ ಬಿಟ್ಟರೆ ಹುಲ್ಲಿನ ರುಚಿ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹಾಪ್ಸ್‌ನಲ್ಲೇ ಸ್ವಲ್ಪ ಕಿಣ್ವಗಳಿವೆ. ಯೀಸ್ಟ್ ತಿನ್ನಲಾಗದೆ ಬಿಟ್ಟ ಸಕ್ಕರೆಗಳನ್ನು ಅವು ಒಡೆಯುತ್ತವೆ, ಯೀಸ್ಟ್ ಮತ್ತೆ ಕೆಲಸ ಶುರು ಮಾಡುತ್ತದೆ. ಡ್ರೈ ಹಾಪ್ ಆದ ಮೇಲೆ ಗ್ರಾವಿಟಿ ಇನ್ನೂ ಒಂದೆರಡು ಪಾಯಿಂಟ್ ಇಳಿಯಬಹುದು. ಇದು ಬಾಟಲಿಯೊಳಗೆ ನಡೆದರೆ ಬಾಟಲಿ ಸಿಡಿಯುವ ಅಪಾಯವಿದೆ. ಕೆಲವು ದಿನ ಬಿಟ್ಟು ಬಿಟ್ಟು ಅಳೆದಾಗ ಅಂಕಿ ಅಲ್ಲಾಡದೆ ನಿಂತ ಮೇಲೇ ಬಾಟಲಿಗೆ ತುಂಬಿಸಿ.

ನೀರಿನ ಬಗ್ಗೆ ಇಷ್ಟು ಸಾಕು: ಮೆದು ನೀರಾದರೆ ಸ್ವಲ್ಪ ಜಿಪ್ಸಮ್ ಕಹಿಯನ್ನು ಚುರುಕು ಮಾಡುತ್ತದೆ, ಕ್ಯಾಲ್ಸಿಯಂ ಕ್ಲೋರೈಡ್ ಮಾಲ್ಟ್‌ನ ರುಚಿಯನ್ನು ದುಂಡಗೆ, ಮೆತ್ತಗೆ ಮಾಡುತ್ತದೆ. ಯುಎಸ್-05 ಬಿಯರ್‌ಗೆ ಮೊದಲನೆಯದನ್ನು ಜಾಸ್ತಿ ಹಾಕುತ್ತೇನೆ, ಎಸ್-04ಗೆ ಎರಡೂ ಸಮ.

ತೆರೆದ ಹಾಪ್ಸ್ ಪೊಟ್ಟಣವನ್ನು ಗಾಳಿ ಒತ್ತಿ ತೆಗೆದು, ಬಿಗಿಯಾಗಿ ಮುಚ್ಚಿ ಫ್ರೀಜರ್‌ನಲ್ಲಿ ಇಡಿ. ಹಸಿರು ಮಾಸಿ ಕಂದು ಬಣ್ಣಕ್ಕೆ ತಿರುಗಿದ, ಹಳೆ ಚೀಸ್ ವಾಸನೆ ಬರುವ ಹಾಪ್ಸ್ ಅನ್ನು ನಾನು ಎಸೆಯುತ್ತೇನೆ, ಎಷ್ಟೇ ದುಬಾರಿಯಾದರೂ. ಒಣ ಯೀಸ್ಟ್‌ಗೆ ಫ್ರಿಜ್ ಸಾಕು.

ಬಾಟಲಿಗೆ ಹಾಕಿ ಎರಡು ವಾರ ಗ್ಯಾಸ್ ಕಟ್ಟಲು ಬಿಟ್ಟ ಮೇಲೆ ಎಲ್ಲವನ್ನೂ ಫ್ರಿಜ್‌ಗೆ ಸೇರಿಸುತ್ತೇನೆ. ಸಿಟ್ರಾ ಹಾಕಿದ್ದನ್ನು ಮೊದಲು ಕುಡಿದು ಮುಗಿಸಬೇಕು, ಅದರ ಘಮ ಬೇಗ ಇಳಿಯುತ್ತದೆ. ಎಸ್-04 ಮತ್ತು ಗೋಲ್ಡಿಂಗ್ಸ್‌ನದು ಆಮೇಲೆ ತೆರೆದರೂ ನಡೆಯುತ್ತದೆ.