ಗುಜರಿ ಅಂಗಡಿ ತಕ್ಕಡಿಯಲ್ಲಿ ನಮ್ಮ ಬಾಬು

"ಲ್ಯಾಬ್ರಡಾರ್ ಅಂದ್ಮೇಲೆ ದಪ್ಪ ಇರುತ್ತೆ, ಬಿಡಿ ಸರ್" ಅಂತ ಪಾರ್ಕಿನಲ್ಲಿ ಎಲ್ಲರೂ ನಗುತ್ತಿದ್ದರು. ಆಗ ನಮ್ಮ ನಾಯಿ ಬಾಬು 38 ಕೆಜಿ. ನಮ್ಮ ಮನೆಯ ಎರಡು ಮಹಡಿ ಹತ್ತುವಷ್ಟರಲ್ಲಿ ಮೂರು ಸಲ ಕೂರುತ್ತಿದ್ದ. ಮೊನ್ನೆ ಗುಜರಿ ಅಂಗಡಿಯ ತಕ್ಕಡಿ ಮೇಲೆ ನಿಲ್ಲಿಸಿದೆ. 31 ಚಿಲ್ಲರೆ! ಅಲ್ಲಾಡದ ಹಾಗೆ ಹೇಗೆ ನಿಲ್ಲಿಸಿದೆ ಅನ್ನೋದು ನನ್ನಲ್ಲೇ ಇರಲಿ.

ಮೊದಲು ಪ್ಯಾಕೆಟ್ ಫುಡ್ಡಿಗೆ ತಿಂಗಳಿಗೆ ಆರೂವರೆ ಸಾವಿರ ಹೋಗುತ್ತಿತ್ತು. ಅದರ ಮೇಲೆ ಅಮ್ಮನ ಮೊಸರನ್ನ, ಅಪ್ಪನ ಮಾರಿ ಬಿಸ್ಕೆಟ್. ಮನೆಯಲ್ಲೇ ಬೇಯಿಸಿ ಹಾಕ್ತೀನಿ ಅಂದಾಗ ಅಮ್ಮ, "ನಮ್ಮಜ್ಜಿ ಮನೆ ನಾಯಿ ಮೊಸರನ್ನ ತಿಂದೇ ಹದಿನೈದು ವರ್ಷ ಬದುಕಿತ್ತು ಕಣೋ" ಅಂದರು. ಅಡುಗೆಮನೆಗೆ ಕೋಳಿ ಬರಕೂಡದು ಅಂತಲೂ ಆಯ್ತು. ಸರಿ, ತಾರಸಿಯಲ್ಲಿ ಇಂಡಕ್ಷನ್ ಒಲೆ, ಅವನಿಗೇ ಒಂದು ಕುಕ್ಕರ್.

ಶುರುವಿನಲ್ಲಿ ಬರೀ ಎಡವಟ್ಟು. ಲಿವರ್ ಅಗ್ಗ ಅಂತ ದಿನಾ ಕಾಲು ಕೆಜಿ ಹಾಕಿದೆ. ಮೂರನೇ ದಿನ ಭೇದಿ, ರಾತ್ರಿ ಎರಡು ಗಂಟೆಗೆ ನಾನು ಮೆಟ್ಟಿಲು ಒರೆಸುತ್ತಿದ್ದೆ. ರಾಗಿ ಮುದ್ದೆ ಕೊಟ್ಟರೆ ಅಗಿಯದೆ ಗುಳುಂ. ಸ್ಕಿನ್ ಸಮೇತ ಚಿಕನ್ ಹಾಕಿದ ತಿಂಗಳು ತೂಕ ಇನ್ನೂ ಏರಿತು. ನಾಲ್ಕು ತಿಂಗಳಾದ ಮೇಲೆ ಡಾಕ್ಟರ್ ಸರಿಯಾಗಿ ಬೈದರು: "ಕ್ಯಾಲ್ಸಿಯಂ ಎಲ್ಲಿ? ಬರೀ ಮಾಂಸದಲ್ಲಿ ಅದು ಇಲ್ಲ ಅನ್ನೋಷ್ಟು ಕಡಿಮೆ. ಮರಿ ಆಗಿದ್ರೆ ಕಾಲು ಸೊಟ್ಟ ಆಗ್ತಿತ್ತು." ಅವತ್ತಿನಿಂದ ಮೊಟ್ಟೆ ಸಿಪ್ಪೆ ಒಣಗಿಸಿ, ಹುರಿದು, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡುತ್ತೇನೆ. ಬೆರಳ ಮಧ್ಯೆ ಉಜ್ಜಿದರೆ ತರಿ ಸಿಗಬಾರದು, ಟಾಲ್ಕಂ ಪೌಡರ್ ಹಾಗಿರಬೇಕು. ದಿನಕ್ಕೆ ಅರ್ಧ ಟೀ ಚಮಚ.

ಈಗ ಎರಡು ಹೊತ್ತಿಗೆ ಸೇರಿ ಸ್ಕಿನ್‌ಲೆಸ್ ಚಿಕನ್ 350 ಗ್ರಾಂ, ಮೂಳೆ ಬಿಡಿಸಿ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಬೇಡವೇ ಬೇಡ. ಒಂದು ಹಿಡಿ ಅಕ್ಕಿ, ತೆಳ್ಳಗಿನ ರಾಗಿ ಅಂಬಲಿ, ಸಿಹಿಗುಂಬಳ, ಬೀನ್ಸ್. ಲಿವರ್ ವಾರಕ್ಕೆರಡು ಸಲ, ಒಂದೊಂದೇ ತುಂಡು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಡಾಕ್ಟರ್ ಬರೆದುಕೊಟ್ಟ ವಿಟಮಿನ್ ಪುಡಿಯೂ ಸೇರಿ ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು. ಯಾವ ಅಂಗಡಿಯಲ್ಲಿ ಯಾವ ಹೊತ್ತಿಗೆ ಹೋದರೆ ಚಿಕನ್ ಕಡಿಮೆಗೆ ಸಿಗುತ್ತದೆ ಅಂತ ಮಾತ್ರ ಕೇಳಬೇಡಿ.

ಮಧ್ಯೆ ಒಮ್ಮೆ, ಕೂದಲು ಹೊಳೆಯಲಿ ಅಂತ ಬೂತಾಯಿ ಮೀನು ಬೇಯಿಸಿದೆ. ಕೂದಲೇನೋ ಹೊಳೆಯಿತು. ಆದರೆ ಕೆಳಗಿನ ಮನೆಯವರು ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ.

ತೂಕ ಇಳಿಯಲು ಎಂಟು ತಿಂಗಳು ಹಿಡಿಯಿತು. ಅಮ್ಮನ ಮೊಸರನ್ನ ನಿಂತಿದೆ. ಅಪ್ಪನ ಬಿಸ್ಕೆಟ್ ನಿಲ್ಲಿಸೋಕಾಗಲಿಲ್ಲ, ಅಷ್ಟಕ್ಕೆ ಅಕ್ಕಿ ಕಡಿಮೆ ಮಾಡಿದ್ದೇನೆ. ಉಳಿತಾಯ ಎಷ್ಟಾಯ್ತು ಅಂದಿರಾ? ಉಣ್ಣಿಗೆ ಹಾಕೋ ಔಷಧಿ ಎರಡು ತಿಂಗಳು ಮರೆತೆ. ಉಣ್ಣಿ ಕಚ್ಚಿ ಬರೋ ಟಿಕ್ ಫೀವರ್ ಬಂದು ಅಷ್ಟನ್ನೂ ನುಂಗಿತು.