ಡಿಗ್ರಿಯಲ್ಲಿ ಅಂಕ ಕಡಿಮೆಯೇ? ಎಂಬಿಎಗೆ ಅರ್ಜಿ ಹೀಗೆ ಹಾಕಿ

ಡಿಗ್ರಿಯಲ್ಲಿ ಬಂದ ಅಂಕವನ್ನು ಈಗ ಬದಲಿಸಲಾಗದು. ಆದರೆ ವಿದೇಶದ ಬಿಸಿನೆಸ್ ಸ್ಕೂಲಿನವರು ಬರೀ ಅಂಕಪಟ್ಟಿ ನೋಡಿ ಸೀಟು ಕೊಡುವುದಿಲ್ಲ. ಕಡಿಮೆ ಅಂಕ ಕಣ್ಣಿಗೆ ಬಿದ್ದಾಗ ಅವರಿಗೆ ಎರಡು ಅನುಮಾನ ಬರುತ್ತವೆ. ಅಕೌಂಟಿಂಗ್, ಫೈನಾನ್ಸ್, ಸ್ಟ್ಯಾಟಿಸ್ಟಿಕ್ಸ್ ಓದಿ ಇವರು ಪಾಸಾಗುತ್ತಾರಾ? ಅಂಕ ಯಾಕೆ ಕುಸಿಯಿತು, ಆ ಕಾರಣ ಈಗಲೂ ಇದೆಯಾ? ನೀವು ಕಳಿಸುವ ಒಂದೊಂದು ಕಾಗದವೂ ಇವೆರಡರಲ್ಲಿ ಒಂದಕ್ಕಾದರೂ ಉತ್ತರ ಹೇಳಬೇಕು.

ಮೊದಲು ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೂರಿ. ಒಟ್ಟು ಮೊತ್ತ ಬಿಟ್ಟು ವರ್ಷ ವರ್ಷ ನೋಡಿ. ಮೊದಲ ವರ್ಷ ಬಿದ್ದು ಕೊನೆಯ ವರ್ಷ ಎದ್ದಿದ್ದರೆ ಅರ್ಧ ಕೆಲಸ ಆದಂತೆ. ಚೆನ್ನಾಗಿ ಶುರುವಾಗಿ ಕೊನೆಯಲ್ಲಿ ಇಳಿದಿದ್ದರೆ ವಿವರಣೆ ಬೇಕೇ ಬೇಕು. ಆಮೇಲೆ ಗಣಿತ, ಸ್ಟ್ಯಾಟಿಸ್ಟಿಕ್ಸ್, ಅರ್ಥಶಾಸ್ತ್ರದ ಅಂಕಗಳಿಗೆ ಗುರುತು ಹಾಕಿ. ಬೇರೆ ವಿಷಯದಲ್ಲಿ ಸಿ ಗ್ರೇಡ್ ಬಂದರೂ ನಡೆದೀತು, ಇವುಗಳಲ್ಲಿ ಬಂದರೆ ಕಣ್ಣಿಗೆ ಕುಕ್ಕುತ್ತದೆ. ಶೇಕಡಾವಾರು ಅಂಕವನ್ನು ನೀವೇ ಲೆಕ್ಕ ಹಾಕಿ ಜಿಪಿಎ (ಗ್ರೇಡುಗಳ ಸರಾಸರಿ) ಮಾಡಲು ಹೋಗಬೇಡಿ. ಅಂಕಪಟ್ಟಿಯಲ್ಲಿ ಇರುವಂತೆಯೇ ತುಂಬಿ ಎಂದು ಬಹಳಷ್ಟು ಸ್ಕೂಲುಗಳು ಹೇಳುತ್ತವೆ. ಫೇಲಾದ ವಿಷಯವನ್ನು ಮುಚ್ಚಿಡುವ ಯೋಚನೆಯಂತೂ ಬೇಡವೇ ಬೇಡ. ಸೀಟು ಸಿಕ್ಕ ಮೇಲೂ ಮೂಲ ದಾಖಲೆಗಳ ಪರಿಶೀಲನೆ ನಡೆಯುತ್ತದೆ.

ಮುಂದಿನದು ಪ್ರವೇಶ ಪರೀಕ್ಷೆ. ಎಂಬಿಎಗೆಂದೇ ಇರುವುದು ಜಿಮ್ಯಾಟ್. ಈಗಿನದು 2 ಗಂಟೆ 15 ನಿಮಿಷದ್ದು. ಕ್ವಾಂಟ್ (ಗಣಿತ), ವರ್ಬಲ್ (ಇಂಗ್ಲಿಷ್), ಡೇಟಾ ಇನ್‌ಸೈಟ್ಸ್ (ಅಂಕಿಅಂಶಗಳ ವಿಶ್ಲೇಷಣೆ) ಎಂಬ ಮೂರು ಭಾಗಗಳಿವೆ. ಸ್ಕೋರು 205ರಿಂದ 805ರವರೆಗೆ. ಹಳೆಯ ಜಿಮ್ಯಾಟ್‌ನ 700 ಅನ್ನೋ ಲೆಕ್ಕವನ್ನೇ ಹಿಡಿದು ಕೂತವರು ಇನ್ನೂ ಇದ್ದಾರೆ. ಈಗಿನ ಪರೀಕ್ಷೆಯಲ್ಲಿ ಅದಕ್ಕೆ ಸುಮಾರಾಗಿ 645 ಸಮ, ಸುಮ್ನೆ ಗಾಬರಿಯಾಗಬೇಡಿ. ಸ್ಕೋರು ನೋಡಿಕೊಂಡ ಮೇಲೆ ಯಾವ ಸ್ಕೂಲಿಗೆ ಕಳಿಸಬೇಕೆಂದು ನಿರ್ಧರಿಸಬಹುದು. 16 ದಿನ ಬಿಟ್ಟು ಮತ್ತೆ ಬರೆಯಬಹುದು, 12 ತಿಂಗಳಲ್ಲಿ ಐದು ಸಲ ಅವಕಾಶವಿದೆ. ಇನ್ನೊಂದು ಪ್ರವೇಶ ಪರೀಕ್ಷೆಯಾದ ಜಿಆರ್‌ಇ ಸುಲಭ ಅನ್ನಿಸಿದರೆ ಅದನ್ನೇ ಬರೆಯಿರಿ, ಹೆಚ್ಚಿನ ಸ್ಕೂಲುಗಳು ಎರಡನ್ನೂ ಒಪ್ಪುತ್ತವೆ. ಗುರಿ ಎಷ್ಟಿರಬೇಕು? ಆ ಸ್ಕೂಲು ಪ್ರಕಟಿಸಿರುವ ಸರಾಸರಿ ನೋಡಿ. ಅಂಕ ಸರಾಸರಿಗಿಂತ ಕೆಳಗಿದ್ದವರ ಸ್ಕೋರು ಅದಕ್ಕಿಂತ ಮೇಲಿರಬೇಕು, ಅದರಲ್ಲೂ ಕ್ವಾಂಟ್‌ನಲ್ಲಿ.

ಗಣಿತದ ಅಂಕ ತೀರಾ ಕಡಿಮೆಯಿದ್ದರೆ ಪರೀಕ್ಷೆ ಒಂದೇ ಸಾಲದು. ಗ್ರೇಡ್ ಕೊಡುವ ಒಂದೆರಡು ಕೋರ್ಸ್ ಮಾಡಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಆನ್‌ಲೈನ್‌ನ ‘ಕೋರ್’ ಎಂಬ ಕಾರ್ಯಕ್ರಮದಲ್ಲಿ ಬಿಸಿನೆಸ್ ಅನಾಲಿಟಿಕ್ಸ್, ಅರ್ಥಶಾಸ್ತ್ರ, ಫೈನಾನ್ಷಿಯಲ್ ಅಕೌಂಟಿಂಗ್ ಮೂರೂ ಇವೆ. ವಿಶ್ವವಿದ್ಯಾಲಯಗಳ ಎಕ್ಸ್‌ಟೆನ್ಷನ್ (ಹೊರಗಿನವರಿಗೂ ಪಾಠ ಹೇಳುವ) ವಿಭಾಗಗಳಲ್ಲೂ ಇಂಥವು ಸಿಗುತ್ತವೆ. ವಿಡಿಯೊ ನೋಡಿ ಮುಗಿಸಿದ್ದಕ್ಕೆ ಕೊಡುವ ಸರ್ಟಿಫಿಕೇಟ್‌ಗೆ ಅಷ್ಟು ಬೆಲೆ ಇಲ್ಲ. ಅರ್ಜಿ ಹಾಕುವ ಮೊದಲೇ ಕೋರ್ಸ್ ಮುಗಿದು ಗ್ರೇಡ್ ಕೈಗೆ ಬಂದಿರಲಿ.

ಇನ್ನು ಹೆಚ್ಚಿನವರು ಎಡವುವ ಜಾಗ: ಅರ್ಜಿಯಲ್ಲಿ ಮುಖ್ಯ ಪ್ರಬಂಧದ ಜೊತೆಗಿರುವ ‘ಐಚ್ಛಿಕ ಪ್ರಬಂಧ’. ಹೆಸರಿಗೆ ಐಚ್ಛಿಕ, ನಿಮಗಂತೂ ಕಡ್ಡಾಯ. ಇಲ್ಲಿ ಗೋಳು ಹೇಳಿಕೊಳ್ಳಬಾರದು. ‘ನಮ್ಮ ಕಾಲೇಜಿನಲ್ಲಿ ಅಂಕ ಕೊಡೋದೇ ಕಷ್ಟ, ಮೇಷ್ಟ್ರೂ ಸರಿಯಿರಲಿಲ್ಲ, ಆ ವಿಷಯದಲ್ಲಿ ನನಗೆ ಆಸಕ್ತಿಯೂ ಇರಲಿಲ್ಲ’ ಎಂದು ಬರೆದರೆ ಓದುವವರಿಗೆ ಕಾಣುವುದು ನೆಪ ಮಾತ್ರ. ಹೀಗೆ ಬರೆದು ನೋಡಿ: ‘ಎರಡನೇ ವರ್ಷ ತಂದೆ ಆಸ್ಪತ್ರೆಯಲ್ಲಿದ್ದರು. ವಾರಕ್ಕೆ 25 ಗಂಟೆ ಕೆಲಸ ಮಾಡುತ್ತಿದ್ದೆ. ಎರಡು ವಿಷಯ ಫೇಲಾದವು. ಮರುವರ್ಷ ಎರಡನ್ನೂ ಪಾಸು ಮಾಡಿದೆ. ಈ ವರ್ಷ ಸ್ಟ್ಯಾಟಿಸ್ಟಿಕ್ಸ್ ಕೋರ್ಸಿನಲ್ಲಿ ಎ ಗ್ರೇಡ್ ಬಂದಿದೆ.’ ಅಷ್ಟೇ, ಮುಗಿಯಿತು. ಏನಾಯಿತು, ಆಮೇಲೆ ಏನು ಮಾಡಿದಿರಿ, ಈಗ ಸಾಕ್ಷಿ ಏನು.

ದೊಡ್ಡ ಕಾರಣವೇ ಇಲ್ಲದಿದ್ದರೆ? ಸುಮಾರು ಜನರ ಕಥೆ ಅದೇ ಅಲ್ವಾ. ‘ಆಗ ಓದಿಗಿಂತ ನಾಟಕದ ತಂಡಕ್ಕೆ ಜಾಸ್ತಿ ಸಮಯ ಕೊಟ್ಟೆ, ಅಂಕ ಕೈತಪ್ಪಿತು’ ಎಂದು ನೇರವಾಗಿ ಒಪ್ಪಿಕೊಳ್ಳಿ. ಇಲ್ಲದ ಕಾಯಿಲೆ ಹುಟ್ಟಿಸಬೇಡಿ. ಮುಖ್ಯ ಪ್ರಬಂಧದಲ್ಲಿ ಮಾತ್ರ ಅಂಕದ ಸುದ್ದಿ ಎತ್ತಬೇಡಿ. ಅಲ್ಲಿ ನಿಮ್ಮ ಕೆಲಸ, ಮುಂದಿನ ಗುರಿ ಇರಲಿ.

ಶಿಫಾರಸು ಪತ್ರಕ್ಕೆ ದೊಡ್ಡ ಹುದ್ದೆಯವರ ಬೆನ್ನು ಹತ್ತಬೇಡಿ. ನಿಮ್ಮ ಕೆಲಸವನ್ನು ದಿನಾ ನೋಡಿದ ಮೇಲಧಿಕಾರಿಯೇ ಸರಿ. ನೀವು ಬಜೆಟ್ ಮಾಡಿದ್ದು, ಡೇಟಾ ತಡಕಿ ನಷ್ಟದ ಮೂಲ ಹಿಡಿದದ್ದು, ಇಂಥ ಒಂದೆರಡು ಸಂಗತಿಗಳನ್ನು ಅವರಿಗೆ ನೆನಪಿಸಿ. ಅಂಕದ ಬಗ್ಗೆ ಅವರು ಸಮರ್ಥನೆ ಬರೆಯುವ ಅಗತ್ಯವಿಲ್ಲ.

ಸ್ಕೂಲುಗಳ ಪಟ್ಟಿ ಮಾಡುವಾಗ ಒಂದು ಮಾತು ನೆನಪಿಡಿ. ಅಮೆರಿಕದ ಸ್ಕೂಲುಗಳಿಗೆ ಸ್ಥಾನ ಕೊಡುವ ‘ಯುಎಸ್ ನ್ಯೂಸ್’ ಸಂಸ್ಥೆಯ ರ‍್ಯಾಂಕಿಂಗ್‌ನಲ್ಲಿ ವಿದ್ಯಾರ್ಥಿಗಳ ಡಿಗ್ರಿ ಅಂಕವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕಡಿಮೆ ಅಂಕದವರನ್ನು ಸೇರಿಸಿಕೊಂಡರೆ ಅಲ್ಲಿನ ಸ್ಕೂಲಿಗೂ ಸ್ವಲ್ಪ ನಷ್ಟವೇ. ಆ ನಷ್ಟ ತುಂಬಿಕೊಡುವಂಥದ್ದು ನಿಮ್ಮ ಅರ್ಜಿಯಲ್ಲಿ ಇನ್ನೇನಿದೆ ಎಂದು ನೋಡಿ, ಅದಕ್ಕೆ ತಕ್ಕಂತೆ ಸ್ಕೂಲು ಆರಿಸಿ. ಎಲ್ಲವೂ ಟಾಪ್ ಹತ್ತರಲ್ಲೇ ಇರಬೇಕು ಎಂಬ ಹಟ ಬೇಡ.

ಸ್ಕೂಲುಗಳು ಅರ್ಜಿಗಳನ್ನು ಸುತ್ತು ಸುತ್ತಾಗಿ ತೆಗೆದುಕೊಳ್ಳುತ್ತವೆ. ಸಾಮಾನ್ಯವಾಗಿ ಮೊದಲ ಸುತ್ತಿನ ಗಡುವು ಸೆಪ್ಟೆಂಬರ್ ಹೊತ್ತಿಗೆ, ಎರಡನೆಯದು ಜನವರಿಗೆ. ಸೆಪ್ಟೆಂಬರಿನಲ್ಲಿ ಅರೆಬರೆ ಸ್ಕೋರು ಇಟ್ಟುಕೊಂಡು ನುಗ್ಗುವುದಕ್ಕಿಂತ, ಪರೀಕ್ಷೆ ಇನ್ನೊಮ್ಮೆ ಬರೆದು ಜನವರಿಗೆ ಹಾಕುವುದು ವಾಸಿ. ಮೂರನೇ ಸುತ್ತಿಗೆ ಉಳಿಯುವ ಸೀಟು ಕಡಿಮೆ. ಅದಕ್ಕೆ ಕಾಯುವ ಬದಲು ಮುಂದಿನ ಸೆಪ್ಟೆಂಬರಿಗೇ ಹಾಕಿ. ಅಷ್ಟರಲ್ಲಿ ಇನ್ನೊಂದು ಕೋರ್ಸಿನ ಗ್ರೇಡೂ ಬಂದಿರುತ್ತದೆ.