ಬಹುಮಾನ ಅವತ್ತೇ ಕೈಗೆ ಸಿಗಬೇಕು: ಗಾಂಜಾ ಬಿಡಿಸುವಲ್ಲಿ ನನ್ನ ಅನುಭವ

ಗಾಂಜಾ ಬಿಡಲು ಬಂದವರಿಗೆ ಬಹುಮಾನ ಕೊಡೋಣ ಎಂದಾಗ ನಮ್ಮ ಕೇಂದ್ರದ ಹಿರಿಯರು ಮೂರು ತಕರಾರು ತೆಗೆದರು. ಒಂದು, ಇದು ಲಂಚ. ಎರಡು, ಬಿಟ್ಟ ಮೇಲೂ ಮೂತ್ರ ಪರೀಕ್ಷೆ ವಾರಗಟ್ಟಲೆ ಪಾಸಿಟಿವ್ ಬರುತ್ತದೆ, ಬಹುಮಾನ ಯಾರಿಗೆ ಕೊಡುತ್ತೀರಿ? ಮೂರು, ಡಿಲೇ ಡಿಸ್ಕೌಂಟಿಂಗ್‌ಗೂ (ತಡವಾಗಿ ಸಿಗುವುದರ ಬೆಲೆ ಮನಸ್ಸಿನಲ್ಲಿ ಇಳಿಯುವುದು) ಗಾಂಜಾಕ್ಕೂ ಇರುವ ನಂಟು ದುರ್ಬಲ. ಮೂರನೆಯದು ನಿಜ. ಕೊಕೇನ್ ಬಳಸುವವರಲ್ಲಿ ಕಾಣುವಷ್ಟು ವ್ಯತ್ಯಾಸ ಇಲ್ಲಿ ಕಾಣುವುದಿಲ್ಲ. ಆದರೆ ನನಗೆ ಬೇಕಿದ್ದದ್ದು ಗುಂಪುಗಳ ಹೋಲಿಕೆ ಅಲ್ಲ. ಎದುರಿಗೆ ಕೂತ ಒಬ್ಬೊಬ್ಬರ ಕೆ, ಅಂದರೆ ಆ ಬೆಲೆ ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುವ ಅಂಕಿ, ಎಷ್ಟು ಅನ್ನುವುದು.

ಮೊದಲ ತಂಡಕ್ಕೆ ತಿಂಗಳ ಕೊನೆಯಲ್ಲಿ ಒಂದೇ ವೋಚರ್ ಕೊಟ್ಟೆವು. ಲೆಕ್ಕಪತ್ರ ವಿಭಾಗಕ್ಕೆ ಅದೇ ಸುಲಭ ಆಗಿತ್ತು. ಮೊತ್ತ ಸಣ್ಣದೇನಲ್ಲ. ಸುಮಾರು ಮೂವತ್ತು ಜನ ಸೇರಿದ್ದರು. ನಾಲ್ಕನೇ ವಾರಕ್ಕೆ ಮೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ. ವರ್ಷದ ಬಹುಮಾನದ ಹಣದಲ್ಲಿ ಅರ್ಧದ ಹತ್ತಿರ ಅಲ್ಲೇ ಹೋಯಿತು. "ನೋಡಿದ್ರಾ, ನಾವು ಹೇಳಿರಲಿಲ್ವಾ?" ಎಂಬ ಮಾತು ಕೇಳಬೇಕಾಯಿತು.

ಆಮೇಲೆ ಆ ತಂಡದವರು ತುಂಬಿದ್ದ, ಕೆ ಅಳೆಯುವ 27 ಪ್ರಶ್ನೆಗಳ ಹಾಳೆಗಳನ್ನು ತೆಗೆದು ಕೂತೆ. "ಇವತ್ತು 54 ಬೇಕಾ, 117 ದಿನ ಬಿಟ್ಟು 55 ಬೇಕಾ" ಎಂದು ಶುರುವಾಗುತ್ತದಲ್ಲ, ಅದೇ ಹಾಳೆ. ಬಿಟ್ಟು ಹೋದವರಲ್ಲಿ ತುಂಬಾ ಜನರ ಕೆ 0.05ರ ಆಸುಪಾಸಿನಲ್ಲಿತ್ತು. ಮನಶ್ಶಾಸ್ತ್ರಜ್ಞ ಜೇಮ್ಸ್ ಮೇಜರ್ (Mazur) ಅವರ ಸೂತ್ರಕ್ಕೆ ಹಾಕಿ ನೋಡಿ: ಮೊತ್ತವನ್ನು (1 + ಕೆ × ದಿನಗಳು) ಇಂದ ಭಾಗಿಸಬೇಕು. ಮೂವತ್ತು ದಿನ ಬಿಟ್ಟು ಸಿಗುವ 100 ಇವರ ಪಾಲಿಗೆ ಇವತ್ತಿನ 40 ಅಷ್ಟೇ. ನಾಳೆಯೇ ಸಿಕ್ಕರೆ 95. ಅಂದರೆ ನಾವು ಕೊಟ್ಟ ಪ್ರತಿ ನೂರರಲ್ಲಿ ಅರವತ್ತು ಬರೀ ಕಾಯಿಸುವುದರಲ್ಲೇ ಕರಗುತ್ತಿತ್ತು. ಮೊತ್ತ ಸಣ್ಣದಾದಷ್ಟೂ ಕೆ ಇನ್ನೂ ಮೇಲೇರುತ್ತದೆ. ಹಣ ಹೆಚ್ಚಿಸುವ ಅಗತ್ಯವೇ ಇರಲಿಲ್ಲ, ಕಾಯುವ ದಿನಗಳನ್ನು ತೆಗೆದರೆ ಸಾಕಿತ್ತು. ಈ ಲೆಕ್ಕವನ್ನು ಒಂದೇ ಪುಟದಲ್ಲಿ ಬರೆದು ಸಭೆಯಲ್ಲಿ ಇಟ್ಟೆ. ಇನ್ನೊಂದು ತಂಡಕ್ಕೆ ಒಪ್ಪಿಗೆ ಸಿಕ್ಕಿತು.

ಈ ಸಲ ಅಮೆರಿಕದ ಸಂಶೋಧಕಿ ನ್ಯಾನ್ಸಿ ಪೆಟ್ರಿ ಅವರ ಚೀಟಿ ಡಬ್ಬ: ಅದರಿಂದ ಚೀಟಿ ಎತ್ತಿದರೆ, ಅದರಲ್ಲಿ ಬರೆದದ್ದು ಅಲ್ಲೇ ಸಿಗುತ್ತದೆ. ಮೂಲ ಡಬ್ಬದಲ್ಲಿ 500 ಚೀಟಿ. 250ರಲ್ಲಿ ಬರೀ ಶಹಬ್ಬಾಸ್, 209 ಸಣ್ಣ ಬಹುಮಾನ, 40 ದೊಡ್ಡವು, 1 ಭಾರಿ. ಸಣ್ಣದು 1 ಪಾಲು, ದೊಡ್ಡದು 20, ಭಾರಿ 100 ಎಂದುಕೊಂಡರೆ ಒಂದು ಚೀಟಿಗೆ ಸರಾಸರಿ 2.2 ಪಾಲು ಖರ್ಚು. ಅದರಲ್ಲಿ ಮುಕ್ಕಾಲು ಭಾಗದಷ್ಟನ್ನು ಆ ನಲವತ್ತು ದೊಡ್ಡ ಚೀಟಿಗಳೇ ತಿನ್ನುತ್ತವೆ. ನಾನು ದೊಡ್ಡವನ್ನು ಇಪ್ಪತ್ತಕ್ಕೆ ಇಳಿಸಿ, ಅಷ್ಟೇ ಸಣ್ಣವನ್ನು ಸೇರಿಸಿದೆ. ಸರಾಸರಿ 1.5ರ ಹತ್ತಿರ ಬಂತು. ಮೂರನೇ ಒಂದು ಭಾಗ ಹಣ ಉಳಿಯಿತು, ಬರುವವರ ಸಂಖ್ಯೆ ಇಳಿಯಲಿಲ್ಲ. ಭಾರಿ ಬಹುಮಾನವನ್ನು ಮಾತ್ರ ಮುಟ್ಟಬೇಡಿ. ಅದು ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತೆ ಇರಲೇಬೇಕು.

ಮೂತ್ರ ಪರೀಕ್ಷೆಯ ತಕರಾರಿಗೆ ಉತ್ತರ ಹೀಗೆ. ಮೊದಲ ಎರಡು ವಾರ ಬಂದು ಸ್ಯಾಂಪಲ್ ಕೊಟ್ಟರೆ ಸಾಕು, ಚೀಟಿ ಎತ್ತಬಹುದು. ಫಲಿತಾಂಶ ಏನೇ ಇರಲಿ. ಮೂರನೇ ವಾರದಿಂದ, ಮೂತ್ರದಲ್ಲಿ ಗಾಂಜಾ ಅಂಶ ಮಿಲಿಲೀಟರ್‌ಗೆ 50 ನ್ಯಾನೋಗ್ರಾಂಗಿಂತ ಕಡಿಮೆಯಾ ಎಂದು ತೋರಿಸುವ ಸ್ಟ್ರಿಪ್. ಐದು ನಿಮಿಷದಲ್ಲಿ ಉತ್ತರ, ಅಲ್ಲೇ ಚೀಟಿ, ಅಲ್ಲೇ ಬಹುಮಾನ. ಬಹಳ ವರ್ಷ ಸೇದಿದವರಿಗೆ ಆಗಲೂ ನೆಗೆಟಿವ್ ಎಂದು ತೋರಿಸುವ ಗೆರೆ ಸರಿಯಾಗಿ ಬರದೇ ಹೋಗಬಹುದು. ಅಂಥವರಿಗೆ ಲ್ಯಾಬ್‌ನಲ್ಲಿ ಗಾಂಜಾ ಅಂಶವನ್ನು ಕ್ರಿಯಾಟಿನಿನ್‌ನಿಂದ (ಮೂತ್ರ ಎಷ್ಟು ತೆಳು ಎಂದು ತಿಳಿಸುವ ಅಂಶ) ಭಾಗಿಸಿದ ಅಂಕಿ ಇಳಿಯುತ್ತಿದೆಯಾ ಎಂದು ನೋಡಿದೆವು. ಲ್ಯಾಬ್ ಉತ್ತರ ಬರಲು ಎರಡು ಮೂರು ದಿನ ಬೇಕು, ಹಾಗಾಗಿ ಅದನ್ನು ಬಹುಮಾನಕ್ಕೆ ಕಟ್ಟಲಿಲ್ಲ. ಆ ನಡುವಿನ ದಿನಗಳಲ್ಲಿ ಅವರಿಗೆ ಏನು ಕೊಟ್ಟು ಹಿಡಿದಿಟ್ಟೆ ಅನ್ನುವುದನ್ನು ಇಲ್ಲಿ ಬರೆಯುತ್ತಿಲ್ಲ.

ಹನ್ನೆರಡು ವಾರ ಮುಗಿದಾಗ ಸೇರಿದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ಬರುತ್ತಲೇ ಇದ್ದರು. ಅರ್ಧದಷ್ಟು ಜನಕ್ಕೆ ಕೊನೆಯ ತಿಂಗಳು ನೆಗೆಟಿವ್. ನಮ್ಮ ಕೇಂದ್ರದಲ್ಲಿ ಗಾಂಜಾ ಗುಂಪು ಇಷ್ಟು ದಿನ ನಿಂತದ್ದು ಇದೇ ಮೊದಲು. ನನಗೆ ಹೆಮ್ಮೆಯಿದೆ.

ನಡುವೆ ಸುಮ್ನೆ ಕುತೂಹಲಕ್ಕೆ ಪರ್ಚೇಸ್ ಟಾಸ್ಕ್ (ಇಂತಿಷ್ಟು ಬೆಲೆಯಾದರೆ ಎಷ್ಟು ಕೊಳ್ಳುತ್ತೀರಿ ಎಂದು ಕೇಳುವ ಪ್ರಶ್ನಾವಳಿ) ಕೂಡ ಮಾಡಿದೆ. ಗ್ರಾಂ ಲೆಕ್ಕದಲ್ಲಿ ಕೇಳಿದರೆ ಉತ್ತರಗಳು ದಿಕ್ಕಾಪಾಲು. ದಮ್ಮಿನ ಲೆಕ್ಕದಲ್ಲಿ ಕೇಳಿದ ಮೇಲೆ ಬೆಲೆ-ಬೇಡಿಕೆಯ ಗೆರೆ ಸರಿಯಾಯಿತು. ಏನೂ ಕೊಳ್ಳುವುದಿಲ್ಲ ಎಂಬ ಸೊನ್ನೆಗಳು ಜಾಸ್ತಿ ಇದ್ದರೆ ಹಳೆಯ ಲಾಗ್ ಸಮೀಕರಣ ಬಿಟ್ಟು ಸಂಶೋಧಕ ಕಾಫರ್ನಸ್ ಮತ್ತು ಸಂಗಡಿಗರ 2015ರ ಸಮೀಕರಣ ಹಾಕಿ, ಸೊನ್ನೆಯ ಜಾಗದಲ್ಲಿ ಸಣ್ಣ ಸಂಖ್ಯೆ ತುರುಕುವ ಕೆಲಸ ತಪ್ಪುತ್ತದೆ. ಬ್ರೇಕ್‌ಪಾಯಿಂಟ್, ಅಂದರೆ ಕೊಳ್ಳುವುದೇ ನಿಲ್ಲುವ ಬೆಲೆ, ನನಗೆ ಹೆಚ್ಚೇನೂ ಹೇಳಲಿಲ್ಲ. ಇಂಟೆನ್ಸಿಟಿ ಹೇಳಿತು. ಪುಕ್ಕಟೆ ಸಿಕ್ಕರೆ ಎಷ್ಟು ಸೇದುತ್ತೀರಿ ಎಂಬ ಪ್ರಶ್ನೆಗೆ ದೊಡ್ಡ ಅಂಕಿ ಹೇಳಿದವರು ಮೊದಲ ವಾರ ನಿದ್ದೆಯಿಲ್ಲದೆ, ಸಿಡಿಮಿಡಿಯಲ್ಲಿ ಹೆಚ್ಚು ನರಳಿದರು. ಈಗ ಅಂಥವರಿಗೆ ಆ ವಾರವೇ ಚೀಟಿ ಜಾಸ್ತಿ.

ಮುಂದಿನ ದಿನಗಳನ್ನು ಕಣ್ಣಿಗೆ ಕಟ್ಟುವಂತೆ ಕಲ್ಪಿಸಿಕೊಳ್ಳುವ ಅಭ್ಯಾಸವನ್ನೂ ಒಂದು ಸಣ್ಣ ಗುಂಪಿನಲ್ಲಿ ಮಾಡಿಸಿದೆ. ಅವತ್ತಿನ ಮಟ್ಟಿಗೆ ಕೆ ಇಳಿಯಿತು. ಸೇದುವುದು ಇಳಿದದ್ದು ಕಾಣಲಿಲ್ಲ. ಆದರೆ ಒಬ್ಬರು ಮಗಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋಗುವ ದಿನವನ್ನು ಬಿಡಿಬಿಡಿಯಾಗಿ ವಿವರಿಸಿದರು. ಕಪಾಟಿನಲ್ಲಿ ಏನಿಡಬೇಕು ಎಂದು ನನಗೆ ಹೊಳೆದದ್ದೇ ಆಗ. ಭಾರಿ ಬಹುಮಾನದ ಜಾಗಕ್ಕೆ ಸೈಕಲ್ ಬಂತು.

ಲಂಚದ ತಕರಾರು ಎತ್ತಿದವರೇ ಈಗ ಮುಂದಿನ ತಂಡದ ಹಣಕ್ಕೆ ಸಹಿ ಹಾಕಿದ್ದಾರೆ. ಬಹುಮಾನ ನಿಂತ ಮೇಲೆ ಕೆಲವರು ಮತ್ತೆ ಸೇದಲು ಶುರು ಮಾಡುತ್ತಾರೆ, ಇದು ನಿಮಗೂ ಗೊತ್ತಿರುವ ತಲೆನೋವು. ಅದಕ್ಕೆ ಕೊನೆಯ ವಾರಗಳಲ್ಲಿ ಚೀಟಿಗಳನ್ನು ಒಂದು ಕ್ರಮದಲ್ಲಿ ಇಳಿಸುತ್ತಿದ್ದೇನೆ. ಆ ಕ್ರಮ ಏನೆಂದು ಈ ತಂಡ ಮುಗಿದ ಮೇಲೆ ಹೇಳುತ್ತೇನೆ.